ಮುರಿಗೆವ್ವನ ಒಡಪಿಗೆ ಓಗೊಟ್ಟವರು

“ಅವ್ವಾ, ಮುರಿಗೆವ್ವ ದೊಡ್ಡವ್ವ ಗಂಡನ ಹೆಸರ ಹೇಳಿದ ಮ್ಯಾಲ ಹೊರಗ ‘ಓ’ ಅಂದವರು ಯಾರು?”

ಹೀರಾ ಇದನ್ನು ಕೇಳಿದ್ದು ಹೋದ ಶ್ರಾವಣದಲ್ಲಿ, ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ. ನನ್ನ ಮಗಳಿಗೆ ಆಗ ನಾಲ್ಕು ತುಂಬಿ ಐದರಲ್ಲಿ ನಡೆದಿತ್ತು. ಯಾರೂ ಅಂದಿಲ್ಲ, ಮಾಳಿಗೆಯ ಪಾರಿವಾಳ ಇರಬೇಕು ಎಂದೆ. ಅವಳು ಒಪ್ಪಲಿಲ್ಲ. ‘ಓ’ ಅನ್ನುವ ಮೊದಲು ಅವರು ಒಂದು ಸಲ ಕೆಮ್ಮಿದರು, ಪಾರಿವಾಳ ಕೆಮ್ಮುತ್ತದೇನು ಎಂದು ನನ್ನನ್ನೇ ಕೇಳಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಆ ದಿನದ ನನ್ನ ದಿನಚರಿಯಲ್ಲಿ ಇಷ್ಟೇ ಇದೆ: ‘ಹೀರಾಗೆ ಏನೇನೋ ಕೇಳಿಸುತ್ತದೆ. ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟೆ.’

ಮುರಿಗೆವ್ವ ನಮ್ಮ ವಾಡೆಯವಳು. ವಿಜಾಪುರ ಮುಗಿದು ಅಥಣಿ ರಸ್ತೆ ಬಯಲಿಗೆ ಬೀಳುವ ಕಡೆ ಇರುವ ಈ ವಾಡೆಯಲ್ಲಿ ನಾಲ್ಕು ಬಿಡಾರ. ನಡುವಿನ ಎರಡು ಕೋಣೆ ನಮ್ಮವು. ನಮ್ಮವರು ಕಚೇರಿಯಲ್ಲಿ ಕಾರಕೂನರು. ಬೀದಿಯ ಬಾಗಿಲಿಗೆ ಹತ್ತಿದ ಒಂದು ಕೋಣೆ ಮುರಿಗೆವ್ವನದು. ಹಳೆಯ ಸೀರೆ, ಧೋತರ ಕೂಡಿಸಿ ಕೌದಿ ಹೊಲಿಯುವುದು ಅವಳ ಕೆಲಸ. ಈ ಓಣಿಯ ಕೂಸುಗಳೆಲ್ಲ ಅವಳ ಕೌದಿಯ ಮೇಲೆ ಉಚ್ಚೆ ಹೊಯ್ದು ಬೆಳೆದವು, ಹೀರಾ ಕೂಡ. ಆದರೆ ಊರು ಅವಳನ್ನು ಗುರುತು ಹಿಡಿಯುವುದು ಕೌದಿಯಿಂದಲ್ಲ, ಒಡಪಿನಿಂದ.

ಗಂಡನ ಹೆಸರನ್ನು ನಾವು ಹೆಣ್ಣುಮಕ್ಕಳು ಸುಮ್ಮನೆ ಬಾಯಿಬಿಟ್ಟು ಹೇಳುವವರಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಬಾಗಿಲು ಅಡ್ಡಗಟ್ಟಿ, ಹೆಸರ ಹೇಳಿದರ ಒಳಗ ಬಿಡತೇವಿ ಎಂದು ಪೀಡಿಸಿದಾಗ ಮಾತ್ರ, ಅದೂ ಎರಡು ಸಾಲಿನ ಒಡಪು ಕಟ್ಟಿ ಅದರ ನಡುವೆ ಹೆಸರು ತೂರಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತೇವೆ. ಎಲ್ಲರ ಬಾಯಲ್ಲೂ ಅಜ್ಜಿಯರ ಕಾಲದ ಅದೇ ಎಂಟು ಹತ್ತು ಒಡಪು, ಅದೇ ಬೆಳ್ಳಿಯ ತಾಟು, ಅದೇ ಮಲ್ಲಿಗೆಯ ಮಾಲೆ. ಮುರಿಗೆವ್ವನದು ಹಾಗಲ್ಲ. ಮೊನ್ನೆ ಊರಿಗೆ ಬಂದದ್ದು ಇವತ್ತು ಅವಳ ಒಡಪಿನಲ್ಲಿ. ಪೇಟೆಗೆ ಹಿಟ್ಟಿನ ಗಿರಣಿ ಬಂದ ವಾರವೇ ಅವಳು ಹೇಳಿದ್ದು:

ಗಿರಣಿ ಬಂತು ಪ್ಯಾಟಿಗೆ, ಬೀಸೂ ಕಲ್ಲಿಗೆ ರಜಾ,
ಶಂಕ್ರೆಪ್ಪನ ಕೂಡ ಜಗಳಾಡಾಕ ಹೊತ್ತ ಸಿಕ್ಕೈತಿ, ಎಂಥಾ ಮಜಾ.

ಯುದ್ಧದ ಕಾಲಕ್ಕೆ ಎಲ್ಲದಕ್ಕೂ ರೇಶನ್ ಚೀಟಿ ಬಂದಾಗ:

ಸಕ್ಕರಿಗೆ ಚೀಟಿ, ಅರಿವಿಗೆ ಚೀಟಿ, ಚಿಮಣಿ ಎಣ್ಣಿಗೆ ಪಾಳಿ,
ಶಂಕ್ರೆಪ್ಪಗ ನಗಾಕ ಚೀಟಿ ಬ್ಯಾಡ, ನಕ್ಕಾನು ಇಂದಲ್ಲ ನಾಳಿ.

ಶಂಕ್ರೆಪ್ಪ ಅವಳ ಗಂಡ. ಟಿಕೋಟಾದ ಆಚೆ ಕಳ್ಳಕವಟಗಿಯವನು. ಇಲ್ಲಿ ಹತ್ತಿಯ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ನಾನು ಮದುವೆಯಾಗಿ ಈ ವಾಡೆಗೆ ಬಂದ ಹೊಸತರಲ್ಲಿ ಸಂಜೆಯಾದರೆ ನಮಗೆಲ್ಲ ಒಂದು ತಮಾಷೆ ಇತ್ತು. ಶಂಕ್ರೆಪ್ಪ ಮಿಲ್ಲಿನಿಂದ ಬಂದು, ತಲೆಯ ತುಂಬ ಹತ್ತಿಯ ಅರಳೆ ಹತ್ತಿಸಿಕೊಂಡು, ಹೊಸ್ತಿಲ ಹೊರಗೆ ನಿಂತು ಒಂದು ಸಲ ಕೆಮ್ಮುವನು. ಒಳಗೆ ಕಾಲು ಇಡುವುದಿಲ್ಲ. ಮುರಿಗೆವ್ವ ದೀಪ ಹಚ್ಚಿ, ಅವನ ಹೆಸರಿಟ್ಟು ಹೊಸ ಒಡಪು ಹೇಳಬೇಕು. ಹೊಸದಾದರೆ ಅವನು ‘ಓ’ ಎಂದು ಹೊಸ್ತಿಲು ದಾಟುವನು. ಹಿಂದೆ ಹೇಳಿದ್ದಾದರೆ ಅಲ್ಲೇ ನಿಲ್ಲುವನು. ಒಂದು ದಿನ ಅವಳಿಗೆ ಜ್ವರ, ಹಳೆಯದನ್ನೇ ಹೇಳಿದಳು. ಮಹರಾಯ ಮಳೆಯಲ್ಲಿ ನೆನೆಯುತ್ತ ನಿಂತ. ಬಾಜೂಕಿನ ಮದೀನಾಬಿ ಅವನ ಮೇಲೆ ಸಿಟ್ಟಾಗಿ, ಏ ಯಪ್ಪಾ, ಹೆಂಡತಿಗೆ ಜರಾ ಬಂದೈತಿ, ನಿನಗ ಹುಚ್ಚು ಹಿಡದೈತಿ ಎಂದು ಬೈದಳು. ಕೊನೆಗೆ ಮುರಿಗೆವ್ವ ಹಾಸಿಗೆಯಲ್ಲೇ ಜ್ವರದ ಮೇಲೆ ಎರಡು ಸಾಲು ಕಟ್ಟಿ ಹೇಳಿದ ಮೇಲೆ ಅವನು ‘ಓ’ ಎಂದು ಒಳಗೆ ಬಂದು ಅವಳಿಗೆ ಗಂಜಿ ಕಾಸಿ ಕೊಟ್ಟ.

ಹೀರಾ ಹುಟ್ಟಿದ ವರ್ಷ ಅವನು ಹೆಂಡತಿಗೆ ಹೇಳದೆ ಸಿಪಾಯಿಯಾಗಿ ಪಲಟಣಕ್ಕೆ ಭರತಿಯಾದ. ಸಿಂಗಾಪುರದ ಕಡೆಯಿಂದ ಬಂದ ಪತ್ರವನ್ನು ನಾನೇ ಓದಿ ಹೇಳಿದ್ದು. ಅವಳಿಗೆ ಅಕ್ಷರ ಬಾರದು. ಅವನಿಗೂ ಬಾರದು, ಯಾರ ಕೈಯಿಂದಲೋ ಬರೆಸಿದ್ದ. ಇಲ್ಲಿ ತೆಂಗಿನಕಾಯಿ ಬಹಳ, ಜೋಳ ಇಲ್ಲ ಎಂದಿತ್ತು. ಕೊನೆಗೆ, ಒಡಪು ನಿಲ್ಲಿಸಬೇಡ, ನಾನು ಇಲ್ಲಿಂದಲೇ ಓ ಅನ್ನುತ್ತೇನೆ ಎಂದಿತ್ತು. ಅವತ್ತಿನಿಂದ ಅವಳು ಸಂಜೆ ದೀಪ ಹಚ್ಚಿ, ಬಾಗಿಲು ತೆರೆದಿಟ್ಟು, ಖಾಲಿ ಹೊಸ್ತಿಲ ಕಡೆ ನೋಡುತ್ತ ಒಂದು ಒಡಪು ಹೇಳುವುದನ್ನು ಹಿಡಿದಳು. ಒಂದು ದಿನವೂ ತಪ್ಪಿಸಿಲ್ಲ, ಒಂದನ್ನೂ ಎರಡು ಸಲ ಹೇಳಿಲ್ಲ.

ಆಮೇಲೆ ಪತ್ರ ನಿಂತವು. ನಲವತ್ತೆರಡರ ಮಳೆಗಾಲದಲ್ಲಿ ಟಪಾಲಿನ ಹಸನಸಾಬ ಸರಕಾರಿ ಲಕೋಟೆ ತಂದ. ಕೈಗೆ ಕೊಡಲಾರದೆ ಜಗಲಿಯ ಮೇಲೆ ಇಟ್ಟು ಹೋದ. ಪತ್ತೆ ಇಲ್ಲ ಎಂದು ಬರೆದಿದ್ದರು. ಪತ್ತೆ ಇಲ್ಲ ಅಂದರ ಸತ್ತಾರ ಅಂತ ಬರದಾರೇನು ಎಂದು ಮುರಿಗೆವ್ವ ಕೇಳಿದಳು. ಹಾಗೆ ಬರೆದಿಲ್ಲ ಎಂದೆ. ಹೌದಲ್ಲ ಎಂದವಳು ಕೌದಿಗೆ ಸೂಜಿ ಚುಚ್ಚಿದಳು.

ಎರಡು ವರ್ಷ ಕಳೆದ ಮೇಲೆ ಶಂಕ್ರೆಪ್ಪನ ಅಣ್ಣ ಕಳ್ಳಕವಟಗಿಯಿಂದ ಬಂದ. ಕೆಟ್ಟವನಲ್ಲ. ಪಲಟಣದಿಂದ ತಿರುಗಿ ಬಂದವರೊಬ್ಬರು ಇನ್ನು ದಾರಿ ನೋಡಬೇಡಿ ಎಂದರಂತೆ. ಮಾಡುವ ಕಾರ್ಯ ಮಾಡಿಬಿಡೋಣ, ನೀನು ಬಳೆ ತೆಗೆದು ಮನೆಗೆ ಬಂದಿರು, ಒಬ್ಬಳೇ ಪರ ಊರಲ್ಲಿ ಬೇಡ ಎಂದು ತಲೆ ಕೆಳಗೆ ಹಾಕಿಕೊಂಡೇ ಹೇಳಿದ. ಮುರಿಗೆವ್ವ ಅವನಿಗೆ ಊಟಕ್ಕೆ ನೀಡಿದಳು. ಎಲೆಯ ಮುಂದೆಯೇ ಹೇಳಿದಳು:

“ದಿನಾ ಸಂಜೀಕ ನನಗ ಓ ಅಂತಾರ. ಓ ಅನ್ನವರು ಇರೂವಾಗ ನಾ ಹೆಂಗ ಬಳಿ ತಗದು ರಂಡಿ ಆಗಲಿ? ಓ ಬರೂದು ನಿಂತ ದಿನ ನಾನಾಗೇ ಗಂಟು ಕಟಗೊಂಡ ಬರತೇನಿ, ಕರಿಯಾಕ ಬರಬ್ಯಾಡ್ರಿ.”

ಆ ಮನುಷ್ಯ ಅರ್ಧ ಊಟದಲ್ಲಿ ಕೈ ತೊಳೆದ. ಹೋಗುವಾಗ ನನ್ನನ್ನು ಕರೆದು, ಅಕ್ಕಾರ, ಆಕಿ ಮ್ಯಾಲ ಒಂದ ಕಣ್ಣಿರಲಿ ಎಂದ. ತಲೆ ಕೆಟ್ಟಿದೆ ಎಂದು ಅವನಿಗೆ ಅನಿಸಿತ್ತು. ನನಗೂ ಹಾಗೇ ಅನಿಸಿತ್ತು, ಹೀರಾ ಆ ಪ್ರಶ್ನೆ ಕೇಳುವ ತನಕ.

ಮರುದಿನ ಸಂಜೆ ಸೊಪ್ಪು ಸೋಸುವ ನೆವ ಮಾಡಿಕೊಂಡು ಮುರಿಗೆವ್ವನ ಕೋಣೆಯಲ್ಲಿ ಹೋಗಿ ಕುಳಿತೆ. ಹೀರಾ ನನ್ನ ತೊಡೆಯ ಮೇಲೆ. ಮುರಿಗೆವ್ವ ಚಿಮಣಿ ದೀಪ ಹಚ್ಚಿದಳು. ಸರಕಾರ ಯುದ್ಧಕ್ಕೆಂದು ಗಡಿಯಾರ ಒಂದು ತಾಸು ಮುಂದೆ ಹಾಕಿದ್ದ ಕಾಲ ಅದು. ನಗುತ್ತಲೇ ಹೇಳಿದಳು:

ಸರಕಾರ ಮುಂದಕ ತಿರುವಿತು ಗಡಿಯಾರದ ಮುಳ್ಳ,
ಶಂಕ್ರೆಪ್ಪ ಬರತೇನಂದ ಹೊತ್ತ ಮಾತ್ರ ಸುಳ್ಳ.

ನಾನೂ ನಕ್ಕೆ. ನಗು ಮುಗಿಯುವ ಮೊದಲೇ ದೀಪ ಬಾಗಿತು. ಹೊರಗಿನ ಗಾಳಿ ಬಡಿದಿದ್ದರೆ ಅದು ಒಳಕ್ಕೆ ಬಾಗಬೇಕು. ಅದು ಹೊಸ್ತಿಲ ಕಡೆಗೆ ಬಾಗಿತು, ಯಾರೋ ಬಂದರೆ ಮನೆಯ ನಾಯಿ ಕತ್ತು ಚಾಚುವ ಹಾಗೆ. ಮಾಳಿಗೆಯ ಗುಬ್ಬಿಗಳು ಒಮ್ಮೆಲೇ ಸುಮ್ಮನಾದವು. ನನಗೆ ಕೆಮ್ಮು ಕೇಳಿಸಲಿಲ್ಲ, ‘ಓ’ ಕೇಳಿಸಲಿಲ್ಲ. ಹತ್ತಿಯ ಮಿಲ್ಲಿನ ವಾಸನೆ ಮಾತ್ರ ಬಂತು, ಎಣ್ಣೆ ಬೆರೆತ ಅರಳೆಯ ವಾಸನೆ. ಹೀರಾ ಹೊಸ್ತಿಲ ಕಡೆ ನೋಡಿ, ಬರ್ರಿ ಒಳಗ ಎಂದಳು. ಮುರಿಗೆವ್ವ ಅವಳ ಕೆನ್ನೆ ಹಿಂಡಿ, ಒಳಗ ಬರೂದಿಲ್ಲ ಮಗಳ, ಇನ್ನೂ ದೂರ ಅದಾರ ಎಂದಳು. ಒಲೆಯ ಮೇಲೆ ಬೇಳೆ ಇಟ್ಟಿದ್ದವಳು ಮಾತಾಡುವ ದನಿಯಲ್ಲೇ ಅಂದಳು. ಅದಕ್ಕೇ ನನಗೂ ಅವತ್ತು ಹೆದರಿಕೆ ಆಗಲಿಲ್ಲ. ಹೆದರಿಕೆ ಬಂದದ್ದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ.

ನಮ್ಮವರಿಗೆ ಹೇಳಿದೆ. ಹಳೆಯ ಬಾಗಿಲು, ಸಂದಿಯಿಂದ ಗಾಳಿ ಆಡುತ್ತದೆ ಎಂದರು. ವಾಸನೆಗೆ ಏನು ಹೇಳುತ್ತೀರಿ ಎಂದರೆ, ಅವಳ ಕೌದಿಯೊಳಗೆ ಅರಳೆ ಇರುವುದಿಲ್ಲವೇ ಎಂದರು. ಅವಳ ಕೌದಿಯಲ್ಲಿ ಹಳೆಯ ಬಟ್ಟೆಯ ಹೊರತು ಅರಳೆ ಇರುವುದಿಲ್ಲ. ಕಾರಕೂನರಿಗೆ ಅದೆಲ್ಲ ಗೊತ್ತಿರುವುದಿಲ್ಲ.

ದಿನಾ ಸಂಜೆ ಹೋಗಿ ಕೂಡುವುದು ರೂಢಿಯಾಯಿತು. ಇಷ್ಟು ಚೆಂದದ ಒಡಪುಗಳು ಗಾಳಿಗೆ ಹೋಗುತ್ತವಲ್ಲ ಎಂದು ಬರೆದುಕೊಳ್ಳತೊಡಗಿದೆ. ಕಾಗದ ಸಿಗದ ಕಾಲ. ನಮ್ಮವರ ಕಚೇರಿಯ ಹಳೆಯ ಹಾಳೆಗಳ ಬೆನ್ನಿನ ಮೇಲೆ ಬರೆದು ಕೊಟ್ಟೆ, ಮುರಿಗೆವ್ವ ಕೌದಿಯ ದಾರದಿಂದ ಹೊಲಿದು ಪುಸ್ತಕ ಮಾಡಿದಳು. ಅವಳೊಂದು ಕರಾರು ಹಾಕಿದಳು. ಹೆಸರು ಬರುವ ಕಡೆ ಹೆಸರು ಬರೆಯಬಾರದು, ಗೆರೆ ಎಳೆದು ಜಾಗ ಬಿಡಬೇಕು. ಯಾರು ಹೇಳುತ್ತಾರೋ ಅವರು ತಮ್ಮ ತಮ್ಮವರನ್ನು ಅಲ್ಲಿ ಕೂಡಿಸಿಕೊಳ್ಳಲಿ, ಹೆಣ್ಣುಮಕ್ಕಳಿಗೆಲ್ಲ ಉಪಯೋಗಕ್ಕೆ ಬರಲಿ ಎಂದಳು. ನೂರಾ ಹದಿನಾಲ್ಕು ಒಡಪು ಆದವು. ನೂರಾ ಹದಿಮೂರರಲ್ಲಿ ಗೆರೆ ಎಳೆದೆ.

ಒಂದರಲ್ಲಿ ಎಳೆಯಲಿಲ್ಲ. ಇಷ್ಟೂ ಹುಟ್ಟಿದ್ದು ಯಾರ ಸಲುವಾಗಿಯೋ ಅವನ ಹೆಸರು ಇಡೀ ಪುಸ್ತಕದಲ್ಲಿ ಎಲ್ಲೂ ಇಲ್ಲವಲ್ಲ ಎನಿಸಿತು. ಅವಳಿಗೆ ಓದಲು ಬಾರದು, ಗೊತ್ತಾಗುವುದಿಲ್ಲ ಎಂದು ಧೈರ್ಯ. ನನಗೆ ಬಹಳ ಸೇರಿದ ಒಡಪಿನಲ್ಲಿ ದುಂಡಗೆ ಬರೆದುಬಿಟ್ಟೆ:

ಗುಮ್ಮಟದಾಗ ಒಂದ ಕೂಗಿಗೆ ಏಳ ಸಲ ಉತ್ತರ,
ಶಂಕ್ರೆಪ್ಪ ಒಂದ ಸಲ ಓ ಅಂದರ ಊರೆಲ್ಲ ಹತ್ತರ.

ಕಾರ್ತಿಕದಲ್ಲಿ ಟಿಕೋಟಾದಲ್ಲಿ ಗುರುಸಿದ್ದವ್ವನ ಕುಬಸ. ಅವಳು ಬಬಲೇಶ್ವರದ ನನ್ನ ಕಾಕಾನ ಮಗಳು, ಹದಿನೇಳರ ಹುಡುಗಿ, ಚೊಚ್ಚಲ ಬಸುರಿ. ಮುರಿಗೆವ್ವ ಕೂಸಿಗೆ ಒಂದು ಪುಟ್ಟ ಕೌದಿ ಕಳಿಸಿದಳು. ಪುಸ್ತಕವನ್ನೂ ಒಯ್ಯಿ, ಹುಡುಗಿಯರು ಹೊಸ ಒಡಪು ಹೇಳಲಿ ಎಂದಳು. ಒಯ್ದೆ. ಆ ಒಂದು ಹಾಳೆಯ ನೆನಪೇ ನನಗಿರಲಿಲ್ಲ.

ಹಸಿರು ಸೀರೆ ಉಡಿಸಿ, ದಂಡೆ ಕಟ್ಟಿ, ಗುರುಸಿದ್ದವ್ವನನ್ನು ಮಣೆಯ ಮೇಲೆ ಕೂಡಿಸಿದ್ದರು. ಹೊತ್ತು ಇಳಿದಿತ್ತು. ಅವಳ ಅತ್ತೆ ಕಾಳವ್ವ ದೀಪ ಹಚ್ಚಿ, ಹೂಂ, ನನ್ನ ಮಗನ ಹೆಸರ ಹೇಳು, ಇಲ್ಲಂದ್ರ ಇಲ್ಲೇ ಕೂಡ್ರು ಎಂದಳು. ಹುಡುಗಿಗೆ ನಾಚಿಕೆ. ಸಾಲಿ ಕಲಿತವಳಲ್ಲವೇ ಎಂದು ನಾನು ಪುಸ್ತಕ ಕೈಗೆ ಕೊಟ್ಟೆ. ಅವಳು ಕಣ್ಣಿಗೆ ಸಿಕ್ಕ ಹಾಳೆ ತೆರೆದು, ತಲೆ ಬಗ್ಗಿಸಿ, ಉಸಿರು ಬಿಡದೆ ಬರೆದದ್ದನ್ನು ಬರೆದ ಹಾಗೆಯೇ ಓದಿಬಿಟ್ಟಳು. ಗುಮ್ಮಟದ ಒಡಪು. ಅವಳ ಗಂಡನ ಹೆಸರು ಗುರಲಿಂಗಪ್ಪ. ಅವಳ ಬಾಯಿಂದ ಬಂದದ್ದು ಶಂಕ್ರೆಪ್ಪ.

ಹೆಂಗಸರು ಬಿದ್ದು ಬಿದ್ದು ನಕ್ಕರು. ಯಾರಬೇ ಅಂವ, ಒಳಗಿಂದೊಳಗ ಗಂಡನ್ನ ಬದಲಿ ಮಾಡೀಯೇನು ಎಂದು ಒಬ್ಬಳು. ಕಾಳವ್ವನೂ ನಕ್ಕಳು. ಆ ನಗುವಿನ ನಡುವೆ ಹೊಸ್ತಿಲ ಹೊರಗೆ ಯಾರೋ ಒಂದು ಸಲ ಕೆಮ್ಮಿದರು. ಆಮೇಲೆ ‘ಓ’ ಎಂದರು.

ದನಿ ದೊಡ್ಡದಲ್ಲ. ದಿನಾ ಮನೆಗೆ ಬರುವ ಗಂಡಸು ಅನ್ನುವಂಥದ್ದು. ಈ ಸಲ ನನಗೂ ಕೇಳಿಸಿತು, ಎಲ್ಲರಿಗೂ ಕೇಳಿಸಿತು. ಯಾವನೋ ಕಟ್ಟೆಯ ಮೇಲೆ ಕೂತು ಚೇಷ್ಟೆ ಮಾಡುತ್ತಾನೆ ಎಂದು ಕಾಳವ್ವ ಎದ್ದು ಹೋದಳು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಗಂಡಸರೆಲ್ಲ ಗುಡಿಯ ಹತ್ತಿರ ಇದ್ದರು, ಗುರಲಿಂಗಪ್ಪ ಬಬಲೇಶ್ವರಕ್ಕೆ ಬೀಗರನ್ನು ಕರೆತರಲು ಹೋಗಿದ್ದ. ಹೊರಗೆ ಕಟ್ಟಿದ ಎಮ್ಮೆ ಮಾತ್ರ ಹಗ್ಗ ಬಿಗಿಯಾಗಿ ಜಗ್ಗಿಕೊಂಡು ಗೋಡೆಗೆ ಒತ್ತಿ ನಿಂತಿತ್ತು. ಒಳಗೆ ನನಗೆ ಅರಳೆಯ ವಾಸನೆ ಬಂತು. ನಾನು ಪುಸ್ತಕ ಇಸಿದುಕೊಂಡು ಸೆರಗಿನೊಳಗೆ ಇಟ್ಟೆ.

ಮರುದಿನ ಸಂಜೆ ವಿಜಾಪುರದಲ್ಲಿ ಮುರಿಗೆವ್ವ ದೀಪ ಹಚ್ಚಿ ಒಡಪು ಹೇಳಿದಳು. ದೀಪ ನೆಟ್ಟಗೆ ನಿಂತಿತು. ಗುಬ್ಬಿಗಳು ಚಿಲಿಪಿಲಿ ಎನ್ನುತ್ತಲೇ ಇದ್ದವು. ಅವಳು ಸ್ವಲ್ಪ ಹೊತ್ತು ಕಾದು ಇನ್ನೊಂದು ಕಟ್ಟಿದಳು. ಆಮೇಲೆ ಮತ್ತೊಂದು. ಇವತ್ತ ಯಾರೂ ಬಂದಿಲ್ಲ ಎಂದಳು ಹೀರಾ. ನಾನು ಅವಳ ಬಾಯಿ ಮುಚ್ಚಿಸಿದೆ.

ಒಂಬತ್ತು ದಿನ ಹೀಗೆ. ಅಷ್ಟು ಚೆಂದದ ಒಡಪುಗಳನ್ನು ಅವಳು ಹಿಂದೆ ಎಂದೂ ಕಟ್ಟಿರಲಿಲ್ಲ. ಟಪಾಲಿನ ಚೀಲದ ಮೇಲೆ, ಇದ್ದಲಿಯ ಮೋಟಾರಿನ ಮೇಲೆ, ಬಾವಿಗೆ ಬಿದ್ದ ಹಸನಸಾಬನ ಟೊಪ್ಪಿಗೆಯ ಮೇಲೆ. ನಗಬೇಕು, ಅಂಥವು. ಹೇಳಿ ಮುಗಿಸಿ ಹೊಸ್ತಿಲು ನೋಡುವಳು. ಯಾವ ದಿನಕ್ಕೆ ಯಾವುದು ಎಂದು ಬರೆಯಲು ನನ್ನ ಕೈ ಏಳಲಿಲ್ಲ. ಹೇಳಿಬಿಡಬೇಕು ಎಂದು ಬೆಳಿಗ್ಗೆ ಅಂದುಕೊಳ್ಳುವುದು, ಅವಳ ಮುಖ ಕಂಡರೆ ನೀರಿನ ಕೊಡ ಎತ್ತಿಕೊಂಡು ಹೊರಟುಬಿಡುವುದು. ಒಂಬತ್ತನೆಯ ದಿನ ನೀರಿಗೆ ಹೋಗುವಾಗ ನೋಡುತ್ತೇನೆ, ಅವಳು ಕೋಣೆ ಗುಡಿಸಿ, ಪಾತ್ರೆ ಬೋರಲು ಹಾಕಿ, ಒಂದು ಗಂಟು ಕಟ್ಟಿ ಇಟ್ಟಿದ್ದಾಳೆ. ಸೂಜಿ, ದಾರ ಕೂಡ ಅದರೊಳಗೆ. ಭಾವನಿಗೆ ಮಾತು ಕೊಟ್ಟಿದ್ದಳಲ್ಲ.

ಅದೇ ಹೊತ್ತಿಗೆ ಮೋಟಾರಿನ ಡ್ರೈವರ್ ದಾದಾಸಾಬ ಟಿಕೋಟಾದಿಂದ ಚೀಟಿ ತಂದುಕೊಟ್ಟ. ಗುರುಸಿದ್ದವ್ವ ಬರೆದಿದ್ದಳು. ‘ಅಕ್ಕಾ, ದೀಪ ಹಚ್ಚುವಾಗ ಆ ಒಡಪು ತಾನಾಗಿ ಬಾಯಿಗೆ ಬರುತ್ತದೆ. ತುಟಿ ಕಚ್ಚಿದರೂ ಬರುತ್ತದೆ. ದಿನಾ ಹೊರಗಿನಿಂದ ಓ ಅನ್ನುತ್ತಾರೆ. ಓ ಅಂದಾಗ ಹೊಟ್ಟೆಯೊಳಗಿನ ಕೂಸು ಆಡುವುದನ್ನು ನಿಲ್ಲಿಸುತ್ತದೆ. ನಿನ್ನೆ ರೊಟ್ಟಿ ಆಗುವ ತನಕ ಆಡಲಿಲ್ಲ. ಬೇಗ ಬಾ.’

ನಾನು ಆ ಚೀಟಿ, ಪುಸ್ತಕ ಎರಡನ್ನೂ ಹಿಡಿದು ಮುರಿಗೆವ್ವನ ಗಂಟಿನ ಪಕ್ಕ ಕುಳಿತು ಎಲ್ಲ ಹೇಳಿದೆ. ಕರಾರು ಮುರಿದದ್ದು, ಹೆಸರು ಬರೆದದ್ದು, ಹುಡುಗಿ ಓದಿದ್ದು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು, ಎಲ್ಲಿ ಬರದಿ, ತೋರಸು ಎಂದಳು. ಹಾಳೆ ತೆರೆದು ಹೆಸರಿನ ಮೇಲೆ ಅವಳ ಬೆರಳು ಇಟ್ಟೆ. ಅವಳು ಅಕ್ಷರದ ಮೇಲೆ ಬೆರಳು ಆಡಿಸಿದಳು, ಹೊಲಿಗೆ ಸರಿ ಬಿದ್ದಿದೆಯೇ ಎಂದು ನೋಡುವ ಹಾಗೆ. ಇಷ್ಟ ಉದ್ದ ಐತೇನು ಎಂದಳು. ಆಮೇಲೆ ಎದ್ದು ನಿಂತಳು. ಟಿಕೋಟಾದಲ್ಲಿ ಇದ್ದಾರೆ ಎಂದ ಮೇಲೆ ಇದ್ದಾರೆ, ಹೋಗಿ ಕರೆದುಕೊಂಡು ಬರುತ್ತೇನೆ ಎನ್ನುವಾಗ ಅವಳ ಮುಖದಲ್ಲಿ ಒಂಬತ್ತು ದಿನದ ಮೇಲೆ ಬಣ್ಣ ಬಂದಿತ್ತು. ತವರಿಗೆ ಹೊರಟವಳ ಹಾಗೆ ತಲೆ ಬಾಚಿಕೊಂಡಳು, ಕುಂಕುಮ ದೊಡ್ಡದಾಗಿ ಇಟ್ಟುಕೊಂಡಳು.

ಹೀರಾಳನ್ನು ಮದೀನಾಬಿಯ ಹತ್ತಿರ ಬಿಟ್ಟು, ದಾದಾಸಾಬನ ಮೋಟಾರಿನಲ್ಲೇ ಹೊರಟೆವು. ಪೆಟ್ರೋಲ್ ಇಲ್ಲದ್ದಕ್ಕೆ ಇದ್ದಲಿ ಸುಟ್ಟು ಓಡುವ ಗಾಡಿ. ದಿಣ್ಣೆ ಬಂದರೆ ಇಳಿದು ನಡೆಯಬೇಕು. ಮುರಿಗೆವ್ವ ಮೋಟಾರಿಗಿಂತ ಮುಂದೆ ನಡೆದಳು.

ಕಾಳವ್ವ ನಮ್ಮನ್ನು ಅಂಗಳದಲ್ಲೇ ತಡೆದಳು. ಇವಳೇ ಶಂಕ್ರೆಪ್ಪನ ಹೆಂಡತಿ ಎಂದು ನಾನು ಹೇಳಿದ್ದೇ ತಡ, ನಿನ್ನ ಗಂಡನ್ನ ನೀ ಕರಕೊಂಡ ಹೋಗವಾ, ನಮ್ಮ ಮನ್ಯಾಗ ಬಸುರಿ ಅದಾಳ ಎಂದಳು. ಅದಕ್ಕೇ ಬಂದೀನ್ರಿ ಎಂದಳು ಮುರಿಗೆವ್ವ. ಗುರುಸಿದ್ದವ್ವನ ಕೆಳತುಟಿ ಕಚ್ಚಿ ಕಚ್ಚಿ ಹುಣ್ಣಾಗಿತ್ತು. ಮುರಿಗೆವ್ವ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂಸು ಒದೆಯುವುದನ್ನು ನೋಡಿದಳು.

ಹೊತ್ತು ಮುಳುಗಿತು. ಕಾಳವ್ವ ದೀಪ ಹಚ್ಚಿದಳು. ಮುರಿಗೆವ್ವ ಹೊಸ್ತಿಲ ಒಳಗೆ ನಿಂತು, ದಾರಿಯಲ್ಲಿ ಕಟ್ಟಿಕೊಂಡು ಬಂದದ್ದನ್ನು ಹೇಳಿದಳು:

ಇದ್ದಲಿ ಮೋಟಾರ ದಿಣ್ಣಿ ಏರಾಕ ಜನಾನ ಇಳಸತೈತಿ,
ಶಂಕ್ರೆಪ್ಪ ಕರದಾನಂದರ ನನ್ನ ಕಾಲ ತಾನಽ ನಡಿಸತೈತಿ.

ಕಾದೆವು. ಎಮ್ಮೆ ಮೆಲಕು ಹಾಕುತ್ತಲೇ ಇತ್ತು. ಅವಳು ಇನ್ನೊಂದು ಹೇಳಿದಳು. ಆಮೇಲೆ, ಜ್ವರದ ಆ ಒಂದು ದಿನ ಬಿಟ್ಟರೆ ಎಂದೂ ಹಳೆಯದು ಹೇಳದವಳು, ಮದುವೆಯ ದಿನ ಹೇಳಿದ ಮೊದಲ ಒಡಪನ್ನೇ ಹೇಳಿದಳು. ಹೊರಗೆ ಏನೂ ಇಲ್ಲ. ಅಷ್ಟರಲ್ಲಿ ನನ್ನ ಪಕ್ಕ ಗುರುಸಿದ್ದವ್ವ ನಡುಗಿದಳು. ಎರಡೂ ಕೈಯಿಂದ ಬಾಯಿ ಒತ್ತಿಕೊಂಡರೂ ಬೆರಳ ಸಂದಿಯಿಂದ ಆ ಗುಮ್ಮಟದ ಒಡಪು ಹೊರಗೆ ಬಂತು, ಹುಡುಗಿಯ ತೊದಲು ದನಿಯಲ್ಲಿ.

ಒಂದು ಕೆಮ್ಮು. ‘ಓ.’

ದೀಪ ಹೊಸ್ತಿಲ ಕಡೆ ಬಾಗಿತು. ಗುರುಸಿದ್ದವ್ವ ಹೊಟ್ಟೆ ಹಿಡಿದುಕೊಂಡು ಕೆಳಗೆ ಕುಳಿತಳು. ಮುರಿಗೆವ್ವ ಹೊಸ್ತಿಲು ದಾಟಿ ಹೊರಗೆ ಹೋದಳು. ನಾನು ಬಾಗಿಲ ತನಕ ಹೋಗಿ ನಿಂತೆ. ಕತ್ತಲಾಗುತ್ತಿದ್ದ ಅಂಗಳದಲ್ಲಿ ಅವಳು ಯಾರದೋ ಎದೆಗೆ ಎದುರಾಗಿ ನಿಂತವಳ ಹಾಗೆ ಮುಖ ಎತ್ತಿ ನಿಂತಿದ್ದಳು. ತಗ್ಗಿದ ದನಿಯಲ್ಲಿ, ನಾ ಮುರಿಗಿ ಅದೇನಿ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ನಾನ್ರಿ ಎಂದಳು. ಅವಳ ಸೆರಗು ಅಲುಗಲಿಲ್ಲ, ಎಲೆ ಅಲುಗಲಿಲ್ಲ. ಒಳಗೆ ಗುರುಸಿದ್ದವ್ವನ ಬಾಯಿ ಮತ್ತೆ ಆ ಹೆಸರು ಅಂದಿತು. ಮುರಿಗೆವ್ವನ ಮುಖದ ಎದುರಿನಿಂದಲೇ, ಅವಳನ್ನು ದಾಟಿ, ಒಳಗಿನವಳಿಗೆ ‘ಓ’ ಬಂತು.

ಅವಳು ತಿರುಗಿ ಬಂದು ಕಾಲು ತೊಳೆದುಕೊಂಡಳು. ಕಾಳವ್ವ ನೀಡಿದ್ದನ್ನು ಉಂಡಳು.

ಬೆಳಿಗ್ಗೆ ಗುರುಸಿದ್ದವ್ವನನ್ನು ಕೂಡಿಸಿಕೊಂಡು ಹೇಳಿದಳು: ಇನ್ನು ದೀಪ ಹಚ್ಚುವ ಮೊದಲು ಬಾಯಿ ತುಂಬ ನೀರು ಹಿಡಿ. ಪೂರ್ತಿ ಕತ್ತಲಾಗುವ ತನಕ ನುಂಗಬೇಡ, ಉಗುಳಬೇಡ. ಅವತ್ತು ನಾವು ಅಲ್ಲೇ ಉಳಿದೆವು. ಸಂಜೆ ಹುಡುಗಿ ಕೆನ್ನೆ ಉಬ್ಬಿಸಿಕೊಂಡು ಕುಳಿತಳು. ಅವಳ ಗಂಟಲು ಎರಡು ಸಲ ಏರಿ ಇಳಿಯಿತು, ಕಣ್ಣಲ್ಲಿ ನೀರು ಬಂತು, ಆದರೆ ಬಾಯಿ ತೆರೆಯಲಿಲ್ಲ. ಹೊರಗೆ ಒಂದು ಸಲ ಕೆಮ್ಮು ಕೇಳಿಸಿತು. ಆಮೇಲೆ, ಎಷ್ಟೋ ಹೊತ್ತಿನ ಮೇಲೆ, ಇನ್ನೊಂದು ಸಲ, ದೂರದಿಂದ. ಕತ್ತಲಾದ ಮೇಲೆ ಹುಡುಗಿ ನೀರು ಉಗುಳಿ, ಅಕ್ಕಾ, ಒದೀತು ಎಂದು ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ತಿರುಗಿ ಬರುವಾಗ ಮೋಟಾರಿನಲ್ಲಿ ಮುರಿಗೆವ್ವ ಕಿಟಕಿಯ ಕಡೆ ಕುಳಿತಳು. ತೋರವಿ ದಾಟಿತು. ನಾನು ತಪ್ಪಾಯಿತು ಎಂದೆ. ಅವಳು ತಲೆ ಅಲ್ಲಾಡಿಸಿದಳು. ಆಮೇಲೆ, ನನ್ನ ಕಡೆ ನೋಡದೆ ಹೇಳಿದಳು:

“ಜೀವಂತ ಇದ್ದವರು ಹೆಂಡತಿ ದನಿ ಗುರ್ತು ಹಿಡೀತಾರ, ಆನಂದಿ. ಅವರಿಗೆ ಹೆಸರಷ್ಟ ಕೇಳತೈತಿ, ಕರದವರು ಯಾರ ಅಂತ ತಿಳಿಯೂದಿಲ್ಲ. ಇಷ್ಟ ದಿನಾ ನನಗ ಓ ಅಂದಾರ ಅಂತ ತಿಳದಿದ್ದೆ. ಯಾರ ಕರದರೂ ಬರತಿದ್ರು. ಬರದ ಹೆಸರ ಓದಿ ಆಕಿ ಕರದಳು, ಆಕಿ ಹೊಸ್ತಿಲಿಗೇ ಹತ್ತಿಕೊಂಡ್ರು.”

ಅವಳು ಬಳೆಗಳನ್ನು ಮೊಳಕೈ ಕಡೆ ಸರಿಸಿ, ಮತ್ತೆ ಮಣಿಕಟ್ಟಿಗೆ ಇಳಿಸಿದಳು. ಕಳ್ಳಕವಟಗಿಗೆ ಹೇಳಿ ಕಳಿಸುತ್ತೇನೆ, ಭಾವ ಬರಲಿ, ಆಗಬೇಕಾದದ್ದು ಆಗಲಿ ಎಂದಳು. ಯಾರೂ ಹೆಸರು ಹಿಡಿದು ಕರೆಯದಿದ್ದರೆ ಅವರು ಅಲೆಯುವುದು ಬಿಟ್ಟು ಹೋಗುವ ಕಡೆ ಹೋಗುತ್ತಾರೆ ಎಂದಳು. ಹಾಗೆ ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು. ಊರಿನ ಹೊರಗಿನ ದಿಣ್ಣೆಯಲ್ಲಿ ದಾದಾಸಾಬ ಎಲ್ಲರನ್ನೂ ಇಳಿಸಿದ. ನಾವಿಬ್ಬರೂ ಗಾಡಿಯ ಹಿಂದೆ ನಡೆದೆವು. ಅವಳ ತುಟಿ ಅಲುಗುತ್ತಿದ್ದವು. ಏನೋ ಒಂದು ಸಾಲು ಕಟ್ಟುತ್ತಿದ್ದವು, ಪ್ರಾಸ ಹುಡುಕುತ್ತಿದ್ದವು. ಅದು ಅವಳಿಗೂ ಗೊತ್ತಾಯಿತು. ನಿಂತುಬಿಟ್ಟಳು. ನನ್ನ ಕೈ ಹಿಡಿದುಕೊಂಡಳು.

“ಗುರುಸಿದ್ದವ್ವಗ ನೀರ ಸಾಕು, ಆಕಿ ಹತ್ತ ದಿನ ಹೇಳ್ಯಾಳ. ನಂದು ಮದಿವಿ ಆದಾಗಿಂದ ಎಂಟ ವರ್ಷದ ಬಾಯಿ, ನೀರಿಗೆ ತಡಿಯೂದಿಲ್ಲ. ಇವತ್ತ ದೀಪ ಹಚ್ಚೂ ಹೊತ್ತಿಗೆ ನೀ ಬಂದ ನನ್ನ ಬಾಜೂಕ ಕೂಡ್ರು. ಹೆಸರ ಬಾಯಿಗೆ ಬಂತಂದ್ರ ಕೈ ಒತ್ತಿ ನನ್ನ ಬಾಯಿ ಮುಚ್ಚು. ನಾ ಕಚ್ಚಿದರೂ ಕೈ ತಗೀಬ್ಯಾಡ.”